ಹೊಸ ಅಂಗಡಿಯ ಕಾಫಿ ಹುಳಿಯಾಗಿದ್ದರೆ ತಪ್ಪು ಯಾರದ್ದು?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 61. ತುಮಕೂರಿನ ಎಸ್.ಎಸ್. ಪುರಂನಲ್ಲಿ ಮನೆ. ಎರಡು ತಿಂಗಳ ಹಿಂದೆ ನಮ್ಮ ಬೀದಿಯ ಕೊನೆಯಲ್ಲಿ, ಮೊದಲು ಜೆರಾಕ್ಸ್ ಅಂಗಡಿ ಇದ್ದ ಜಾಗದಲ್ಲಿ, ಸಣ್ಣದೊಂದು ಕಾಫಿ ಅಂಗಡಿ ಶುರುವಾಗಿದೆ. ದೊಡ್ಡ ಕಂಪನಿಯದ್ದಲ್ಲ. ಒಬ್ಬ ಹುಡುಗ, ಅವನ ಅಕ್ಕ, ಇಬ್ಬರೇ ನಡೆಸುತ್ತಾರೆ. ಒಂದು ಸಂಜೆ ವಾಕಿಂಗ್ ಮುಗಿಸಿ ಒಳಗೆ ಹೋದೆ. ಗೋಡೆ ಮೇಲೆ ತೋಟದ ಹೆಸರು, ಎಷ್ಟು ಎತ್ತರದಲ್ಲಿ ಬೆಳೆದದ್ದು, ಎಲ್ಲ ಬರೆದಿದ್ದಾರೆ. ಹಾಲಿಲ್ಲದ ಕಾಫಿ ಕೊಟ್ಟರು, 140 ರೂಪಾಯಿ. ಕುಡಿದರೆ ಹುಳಿ! ನಿಂಬೆಹಣ್ಣು ಹಿಂಡಿದ ಹಾಗಿತ್ತು. ಕೇಳಿದ್ದಕ್ಕೆ, "ನಿಜವಾದ ಕಾಫಿ ಹೀಗೇ ಇರೋದು ಸರ್, ಇದರಲ್ಲಿ ಚಿಕೋರಿ ಇಲ್ಲ" ಅಂದ ಹುಡುಗ. ಹಾಗಾದರೆ 40 ವರ್ಷದಿಂದ ನಾನು ಕುಡಿದದ್ದು ಕಾಫಿಯೇ ಅಲ್ಲವೇ? ಒಬ್ಬ ಸ್ನೇಹಿತರು ಚಿಕೋರಿ ಅಂದರೆ ಕಲಬೆರಕೆ ಅನ್ನುತ್ತಾರೆ. ಇನ್ನೊಬ್ಬರು ಹಾಲಿಲ್ಲದ ಕಾಫಿ ಕುಡಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತೆ ಅನ್ನುತ್ತಾರೆ. ನಾನು ಬಿಪಿ ಮಾತ್ರೆ ತಗೊಳ್ಳುವವನು. ಆ ರಾತ್ರಿ ಒಂದು ಗಂಟೆಯಾದರೂ ನಿದ್ದೆ ಬರಲಿಲ್ಲ. "ಒಂದು ಕಾಫಿಗೆ ಒಂದು ಕೆಜಿ ಬೇಳೆ ದುಡ್ಡಾ?" ಅಂತ ನಮ್ಮ ಮನೆಯವರು ಬೈದರು. ಆದರೂ ಆ ಜಾಗ ನನಗೆ ತುಂಬ ಇಷ್ಟವಾಗಿದೆ. ಆ ಮಕ್ಕಳ ಅಂಗಡಿ ನಿಲ್ಲಲಿ ಅಂತ ಆಸೆ. ನಾನೇನು ಮಾಡಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ಸಂತೋಷವಾಯಿತು. ಕಾಫಿ ರುಚಿಸದಿದ್ದರೆ ಹೆಚ್ಚಿನವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ನೀವು ಯಾಕೆ ಹೀಗಾಯಿತು ಅಂತ ಕೇಳುತ್ತಿದ್ದೀರಿ. ನಾನೂ ಗುಬ್ಬಿ ಕಡೆಯವನೇ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಫಿ ರುಚಿ ನೋಡುವುದೇ ನನ್ನ ಕೆಲಸ. ಮೊದಲು ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದೆ, ಅಂದರೆ ತೋಟದಿಂದ ಬಂದ ಕಾಫಿಯನ್ನ ಹದಮಾಡಿ ವಿಂಗಡಿಸುವ ಕಾರ್ಖಾನೆಯಲ್ಲಿ. ಈಗ ಬೀಜ ಹುರಿಯುತ್ತೇನೆ, ಹೊಸದಾಗಿ ಅಂಗಡಿ ಇಡುವವರಿಗೆ ಕಲಿಸುತ್ತೇನೆ.

ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಆದರೆ ಎಲ್ಲದರ ಕೆಳಗೆ ಒಂದೇ ಅನುಮಾನ ಇದೆ ಅನ್ನಿಸಿತು: ನನ್ನ ನಾಲಿಗೆಗೆ ಒಳ್ಳೆಯ ಕಾಫಿ ಗೊತ್ತಾಗಲ್ಲವೇ? ಗೊತ್ತಾಗುತ್ತದೆ. ನಿಮ್ಮ ನಾಲಿಗೆ ಸುಳ್ಳು ಹೇಳಿಲ್ಲ. ಹುಡುಗ ಹೇಳಿದ್ದರಲ್ಲಿ ಅರ್ಧ ಮಾತ್ರ ಸರಿ.

ಯಾವ ಅರ್ಧ ಸರಿ ಅಂತ ಮೊದಲು ನೋಡೋಣ. ಕಾಫಿ ಒಂದು ಹಣ್ಣು. ಎಲ್ಲ ಹಣ್ಣಿನ ಹಾಗೆ ಅದರಲ್ಲೂ ಹುಳಿ ಇದೆ. ಎತ್ತರದ ಜಾಗದಲ್ಲಿ, ನೆರಳಲ್ಲಿ, ನಿಧಾನವಾಗಿ ಮಾಗಿದ ಅರೇಬಿಕಾ ಅನ್ನುವ ಕಾಫಿ ಜಾತಿಯಲ್ಲಿ ಅದು ಎದ್ದು ಕಾಣುತ್ತದೆ. ಬೀಜವನ್ನು ಕಪ್ಪಗೆ ಹುರಿದಷ್ಟೂ ಹುಳಿ ಹೋಗುತ್ತದೆ, ಕಹಿ ಬರುತ್ತದೆ. ನಮ್ಮ ಮನೆಗಳಿಗೆ ಬರುವ ಪುಡಿ ಚೆನ್ನಾಗಿ ಹುರಿದದ್ದು. ಅದರಲ್ಲಿ ಸಾಮಾನ್ಯವಾಗಿ ರೋಬಸ್ಟಾ ಅನ್ನುವ ಇನ್ನೊಂದು ಜಾತಿಯ ಕಾಫಿ ಸ್ವಲ್ಪ ಇರುತ್ತದೆ, ಚಿಕೋರಿ ಇರುತ್ತದೆ. ಮೇಲೆ ಹಾಲು, ಸಕ್ಕರೆ. ಹುಳಿಗೆ ಅಲ್ಲಿ ಜಾಗವೇ ಇಲ್ಲ. ಹೊಸ ಅಂಗಡಿಗಳು ತೋಟದ ಗುಣ ಗೊತ್ತಾಗಲಿ ಅಂತ ಕಡಿಮೆ ಹುರಿಯುತ್ತವೆ. ಆಗ ಹುಳಿ ಬರುವುದು ಸಹಜ.

ಆದರೆ ಹುಳಿಯಲ್ಲಿ ಎರಡು ಬಗೆ ಇದೆ. ಹುಣಸೆ ವ್ಯಾಪಾರ ನಡೆಯುವ ತುಮಕೂರಿನವರಿಗೆ ನಾನು ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬಲಿಯದ ಹುಣಸೆಕಾಯಿ ಕಚ್ಚಿ ನೋಡಿ. ಹಲ್ಲು ಜುಂ ಅನ್ನುತ್ತದೆ, ಮುಖ ಕಿವುಚುತ್ತದೆ, ಅಷ್ಟೇ. ಚೆನ್ನಾಗಿ ಹಣ್ಣಾದ ಹುಣಸೆಯನ್ನ ಬಾಯಿಗೆ ಹಾಕಿಕೊಳ್ಳಿ. ಹುಳಿಯ ಹಿಂದೆಯೇ ಸಿಹಿ ಬರುತ್ತದೆ, ಬಾಯಲ್ಲಿ ನೀರೂರುತ್ತದೆ. ಒಳ್ಳೆಯ ಕಾಫಿಯ ಹುಳಿ ಎರಡನೆಯ ಥರದ್ದು. ನೀವು ಬರೆದಿರುವ "ನಿಂಬೆಹಣ್ಣು ಹಿಂಡಿದ ಹಾಗೆ" ಅನ್ನುವ ಮಾತು ಓದಿದರೆ, ನಿಮಗೆ ಸಿಕ್ಕಿದ್ದು ಮೊದಲನೆಯದು ಅನ್ನಿಸುತ್ತದೆ.

ಇದನ್ನ ಪರೀಕ್ಷೆ ಮಾಡುವುದಕ್ಕೆ ಸುಲಭದ ದಾರಿ ಇದೆ. ನಾವು ರುಚಿ ನೋಡುವವರೂ ಹೀಗೇ ಮಾಡುತ್ತೇವೆ. ಅರ್ಧ ಕಪ್ ಕುಡಿದು ಉಳಿದದ್ದನ್ನು ಹತ್ತು ನಿಮಿಷ ಹಾಗೇ ಬಿಡಿ. ಆರಿದ ಮೇಲೆ ಇನ್ನೊಂದು ಗುಟುಕು ಕುಡಿಯಿರಿ. ಚೆನ್ನಾಗಿ ಮಾಡಿದ ಕಾಫಿ ಆರಿದಾಗ ಸಿಹಿ ಕಡೆ ವಾಲುತ್ತದೆ, ಹಣ್ಣಿನ ರುಚಿ ಬಿಡಿಸಿಕೊಳ್ಳುತ್ತದೆ. ಕೆಟ್ಟ ಹುಳಿ ಆರಿದಷ್ಟೂ ಚುಚ್ಚುತ್ತದೆ, ಕೊನೆಗೆ ಬಾಯಿ ಒಗರಾಗುತ್ತದೆ.

ಕೆಟ್ಟ ಹುಳಿ ಎಲ್ಲಿಂದ ಬರುತ್ತದೆ? ಒಂದು, ಹುರಿಯುವಾಗ. ಬೀಜ ಸುಮಾರು 200 ಡಿಗ್ರಿ ಹತ್ತಿರ ಬಂದಾಗ ಜೋಳದ ಅರಳಿನ ಹಾಗೆ ಚಟಪಟ ಸಿಡಿಯುತ್ತದೆ. ಆ ಸಿಡಿತ ಶುರುವಾದ ತಕ್ಷಣ ಇಳಿಸಿಬಿಟ್ಟರೆ ಹೊರಗೆ ಕಂದು ಬಣ್ಣ, ಒಳಗೆ ಹಸಿ. ಎಂಟು ವರ್ಷದ ಹಿಂದೆ ನನ್ನ ಕೈಯಲ್ಲೇ ಹೀಗಾಗಿತ್ತು. ನಾನು ಹುರಿದುಕೊಟ್ಟ ಬೀಜದ ಕಾಫಿ ಕುಡಿದು ಒಬ್ಬ ಹೆಂಗಸು, "ಹಸಿ ಕಡಲೆಕಾಯಿ ವಾಸನೆ ಬರುತ್ತೆ" ಅಂದರಂತೆ. ಅದು ತೋಟದ ಗುಣ ಅಂತ ಹೇಳಿ ಕಳಿಸಿ ಅಂತ ನಾನು ಅಂಗಡಿಯವರಿಗೆ ಹೇಳಿಬಿಟ್ಟೆ. ಎರಡು ದಿನ ಆ ಮಾತು ತಲೆಯಲ್ಲೇ ಕೊರೆಯುತ್ತಿತ್ತು. ಕೊನೆಗೆ ಆ ಚೀಲದ ಒಂದು ಬೀಜ ಕಚ್ಚಿ ನೋಡಿದೆ. ಕಟಕ್ ಅಂತ ಒಡೆಯಬೇಕಿತ್ತು, ಹಲ್ಲಿಗೆ ಸಿಕ್ಕಿ ಜಗ್ಗಿತು. ಒಳಗೆ ಹುಲ್ಲಿನ ವಾಸನೆ. ಅವರು ಹೇಳಿದ್ದೇ ಸರಿಯಾಗಿತ್ತು. ಆ 12 ಕಿಲೋ ಬೀಜವನ್ನೂ ವಾಪಸ್ ತರಿಸಿಕೊಂಡೆ. ಆವತ್ತಿನಿಂದ ಗಿರಾಕಿ ಹುಳಿ ಅಂದರೆ ನಾನು ಮೊದಲು ಬೀಜ ಕಚ್ಚುತ್ತೇನೆ, ಆಮೇಲೆ ಮಾತಾಡುತ್ತೇನೆ. ನೀವೂ ಒಂದು ಬೀಜ ಕೇಳಿ ಇಸ್ಕೊಂಡು ಕಚ್ಚಿ ನೋಡಬಹುದು.

ಇನ್ನೊಂದು, ಕಾಫಿ ಇಳಿಸುವಾಗ. ಪುಡಿ ತೀರಾ ತರಿಯಾಗಿದ್ದರೆ ನೀರು ಸರ್ರನೆ ಇಳಿದುಹೋಗುತ್ತದೆ. ಹುಳಿ ಬೇಗ ಕರಗುತ್ತದೆ, ಸಿಹಿ ನಿಧಾನ. ಸಿಹಿ ಬರುವ ಮೊದಲೇ ನೀರು ಇಳಿದರೆ ಬರೀ ಹುಳಿ ಉಳಿಯುತ್ತದೆ. ನೀರಿನ ಬಿಸಿ ಕಡಿಮೆಯಾದರೂ ಇದೇ ಕಥೆ. ಕುದಿದ ನೀರು ಸ್ವಲ್ಪ ತಣಿದು 92ರಿಂದ 96 ಡಿಗ್ರಿಯಲ್ಲಿರಬೇಕು.

ಮೂರನೆಯದು ನೀರು. ನಮ್ಮ ಕಡೆಯ ಅಂಗಡಿಗಳಲ್ಲಿ ಇದನ್ನೇ ನಾನು ಜಾಸ್ತಿ ನೋಡಿದ್ದೇನೆ. ತುಮಕೂರಿಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ಅದು ಸಾಲದ ಕಡೆ ಬೋರ್‌ವೆಲ್. ಬೋರ್ ನೀರು ಗಡಸು, ಪಾತ್ರೆಯಲ್ಲಿ ಕುದಿಸಿದರೆ ಬಿಳಿ ಪದರ ಕಟ್ಟುತ್ತದೆ. ಆ ನೀರಲ್ಲಿ ಕಾಫಿಯ ಹುಳಿಯೆಲ್ಲ ಸತ್ತುಹೋಗಿ ಕುಡಿಯೋಕೆ ಸಪ್ಪೆ. ಮೆಷಿನ್ ಒಳಗೂ ಆ ಬಿಳಿ ಪದರ ಕಟ್ಟಿ ಹಾಳಾಗುತ್ತದೆ. ಅದಕ್ಕೆ ಅಂಗಡಿಯವರು ಆರ್‌ಓ ನೀರಿಗೆ ಹೋಗುತ್ತಾರೆ. ಆರ್‌ಓ ನೀರಲ್ಲಿ ಲವಣದ ಅಂಶ ತೀರಾ ಕಡಿಮೆ. ಹುಳಿಯನ್ನ ಹಿಡಿದು ನಿಲ್ಲಿಸುವುದಕ್ಕೆ ಅಲ್ಲಿ ಏನೂ ಇಲ್ಲ, ಹಾಗಾಗಿ ಅದು ನೇರ ನಾಲಿಗೆಗೆ ಚುಚ್ಚುತ್ತದೆ. ಕಾಫಿಗೆ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಅಳತೆ, 150ರ ಆಸುಪಾಸು ಇದ್ದರೆ ಒಳ್ಳೆಯದು. ನಾನು ನೋಡಿದ ಒಂದು ಅಂಗಡಿಯಲ್ಲಿ 18 ಇತ್ತು! ಆರ್‌ಓ ನೀರಿಗೆ ಸೋಸಿದ ನಲ್ಲಿ ನೀರು ಸ್ವಲ್ಪ ಬೆರೆಸಿದೆವು. ಅದೇ ಬೀಜ, ಅದೇ ಕೈ, ಕಾಫಿ ಬೇರೆಯೇ ಆಯಿತು. ನಿಮ್ಮ ಬೀದಿಯ ಹುಡುಗನಿಗೆ ಒಂದೇ ಒಂದು ವಿಷಯ ಹೇಳುವುದಾದರೆ ಇದನ್ನ ಹೇಳಿ: "ನೀರಿನ ಟಿಡಿಎಸ್ ನೋಡಿದ್ದೀಯೇನಪ್ಪ?"

ಈಗ ಚಿಕೋರಿ. ನಿಮ್ಮ ಸ್ನೇಹಿತರ ಮಾತು ತಪ್ಪು. ಚಿಕೋರಿ ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುತ್ತಾರೆ. ಬೇರನ್ನ ಕತ್ತರಿಸಿ, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ನಿದ್ದೆ ಓಡಿಸುವ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಬಣ್ಣ, ಮಂದ, ಒಂದು ಬಗೆಯ ಸುಟ್ಟ ಬೆಲ್ಲದ ಸಿಹಿ ಕೊಡುತ್ತದೆ. ಹಾಲು ಹಾಕಿದರೂ ಕಾಫಿ ನೀರಾಗದೆ ನಿಲ್ಲುವುದಕ್ಕೆ ಅದೂ ಕಾರಣ. ಚಿಕೋರಿ ಬೆರೆಸಿ ಮಾರುವುದಕ್ಕೆ ನಮ್ಮ ಆಹಾರ ಕಾನೂನು ಒಪ್ಪಿಗೆ ಕೊಟ್ಟಿದೆ. ಆದರೆ ಕಾಫಿ ನೂರಕ್ಕೆ ಕಡೇಪಕ್ಷ 51 ಭಾಗ ಇರಬೇಕು. ಯಾವುದು ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಬರೆದು ಮಾರಿದರೆ ಅದು ಮಿಶ್ರಣ. ಪ್ಯೂರ್ ಅಂತ ಹೇಳಿ ಚಿಕೋರಿ ಹಾಕಿ ಕೊಟ್ಟರೆ ಅದು ಮೋಸ. ನಿಜವಾದ ಕಲಬೆರಕೆಯೇ ಬೇರೆ ಇದೆ: ಹುಣಸೆ ಬೀಜ, ಖರ್ಜೂರದ ಬೀಜ ಹುರಿದು ಪುಡಿ ಮಾಡಿ ಸೇರಿಸುವುದು.

ಪುಡಿಯಲ್ಲಿ ಚಿಕೋರಿ ಇದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ತಣ್ಣೀರು ತಗೊಂಡು ಮೇಲಿಂದ ಒಂದು ಚಮಚ ಪುಡಿ ಉದುರಿಸಿ. ಕಲಕಬೇಡಿ. ಕಾಫಿ ಪುಡಿ ಮೇಲೆ ತೇಲುತ್ತದೆ. ಚಿಕೋರಿ ಕೆಲವೇ ಸೆಕೆಂಡಿನಲ್ಲಿ ಕಂದು ಗೆರೆ ಎಳೆಯುತ್ತಾ ತಳಕ್ಕಿಳಿಯುತ್ತದೆ. ನೋಡುವುದಕ್ಕೂ ಚೆನ್ನಾಗಿರುತ್ತದೆ. ನಿಮ್ಮ ಮೊಮ್ಮಕ್ಕಳಿಗೆ ತೋರಿಸಿ.

ಹಾಗಾಗಿ 40 ವರ್ಷ ನೀವು ಕುಡಿದದ್ದು ಕಾಫಿಯೇ. ಅನುಮಾನ ಬೇಡ. ಆದರೆ ಆ ಲೋಟದಲ್ಲಿ ತೋಟದ ಹೆಸರು ಯಾಕೆ ಇರಲಿಲ್ಲ, ಇವತ್ತು ಗೋಡೆ ಮೇಲೆ ಯಾಕೆ ಬಂತು ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ನೀವು ಪಾಠ ಮಾಡಿದವರು, ಇದು ನಿಮಗೆ ಇಷ್ಟವಾಗಬಹುದು. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆಗಾರರು ತಮ್ಮ ಬೆಳೆಯನ್ನ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಚಿಕ್ಕಮಗಳೂರಿನ ಗಿರಿಯ ಕಾಫಿ, ಕೊಡಗಿನ ಕಾಫಿ, ಸಕಲೇಶಪುರದ ಕಾಫಿ ಎಲ್ಲ ದರ್ಜೆಯ ಲೆಕ್ಕದಲ್ಲಿ ಒಟ್ಟಾಗುತ್ತಿತ್ತು. ಬೋರ್ಡ್ ಹರಾಜು ಹಾಕುತ್ತಿತ್ತು. ಯಾರ ತೋಟದ್ದು ಅನ್ನುವ ಪ್ರಶ್ನೆಯೇ ಇರಲಿಲ್ಲ. ಯುದ್ಧದ ಕಾಲದಲ್ಲಿ ಮಾರುಕಟ್ಟೆ ಕುಸಿದಾಗ ಬೆಳೆಗಾರರನ್ನ ಉಳಿಸಿದ ವ್ಯವಸ್ಥೆ ಅದು. ಆದರೆ ಜಾಸ್ತಿ ಕಷ್ಟಪಟ್ಟು ಒಳ್ಳೆಯ ಹಣ್ಣು ಮಾತ್ರ ಆರಿಸಿ ಬಿಡಿಸಿದವರಿಗೆ ಅದರ ಫಲ ಪೂರ್ತಿ ಸಿಗುತ್ತಿರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲ ಮಾಡಿ, 1996ರ ಹೊತ್ತಿಗೆ ಬೆಳೆಗಾರರು ಪೂರ್ತಿ ತಾವೇ ಮಾರಿಕೊಳ್ಳಬಹುದು ಅಂತಾಯಿತು. ನಿಮ್ಮ ಬೀದಿಯ ಗೋಡೆ ಮೇಲಿನ ಆ ಹೆಸರಿನ ಹಿಂದೆ ಇಷ್ಟು ದೊಡ್ಡ ಬದಲಾವಣೆ ಇದೆ. ನನಗೆ ಅಂಗಡಿ ಗೋಡೆ ಮೇಲೆ ಅಂಥ ಹೆಸರು ಕಂಡರೆ ಈಗಲೂ ಸಂತೋಷ.

ಬೆಲೆಯ ವಿಷಯ. ಮನೆಯವರ ಲೆಕ್ಕ ತಪ್ಪಲ್ಲ. ಬೇಳೆ ದುಡ್ಡು ಬೇಳೆ ದುಡ್ಡೇ. ನಿಮಗೆ ಕೊಟ್ಟಂಥ ಒಂದು ಕಪ್‌ಗೆ ಸುಮಾರು 15 ಗ್ರಾಂ ಬೀಜ ಬೇಕು. ಹುರಿದ ಬೀಜ ಕಿಲೋಗೆ 1,600 ಅಂತ ಇಟ್ಟುಕೊಂಡರೂ 24 ರೂಪಾಯಿ ಆಯಿತು. ಬೀಜವೇ ಯಾಕೆ ಇಷ್ಟು ದುಬಾರಿ ಅಂದರೆ, ಒಂದು ಕಿಲೋ ಬೀಜಕ್ಕೆ ಐದಾರು ಕಿಲೋ ಹಣ್ಣು ಬೇಕು. ಹುರಿದಾಗ ತೂಕದಲ್ಲಿ ನೂರಕ್ಕೆ ಸುಮಾರು 15 ಭಾಗ ಹೋಗುತ್ತದೆ. ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು 2025ರ ಫೆಬ್ರವರಿಯಲ್ಲಿ ಅರೇಬಿಕಾ ಬೆಲೆ ಹೊರದೇಶದ ಮಾರುಕಟ್ಟೆಯಲ್ಲಿ ಒಂದು ಪೌಂಡ್ ತೂಕಕ್ಕೆ 4 ಡಾಲರ್ ದಾಟಿತು. ಉಳಿದ ದುಡ್ಡು ಬಾಡಿಗೆ, ಕರೆಂಟು, ಮೆಷಿನ್ ಸಾಲದ ಕಂತು ಮತ್ತು ನೀವು ಕೂತ ಕುರ್ಚಿಗೆ ಹೋಗುತ್ತದೆ. ದರ್ಶಿನಿಯಲ್ಲಿ ನಿಂತುಕೊಂಡು ಐದು ನಿಮಿಷದಲ್ಲಿ ಕುಡಿದು ಹೊರಡುತ್ತೇವೆ. ಅಲ್ಲಿ ಒಂದು ಗಂಟೆ ಕೂತರೂ ಯಾರೂ ಏಳಿ ಅನ್ನಲ್ಲ. ಅದು ನಿಮಗೆ ಬೆಲೆಬಾಳುವುದೋ ಇಲ್ಲವೋ ನೀವೇ ಹೇಳಬೇಕು. ದಿನಾ ಹೋಗುವ ಜಾಗವಂತೂ ಅದಲ್ಲ.

ನಿದ್ದೆಗೆ ಬರೋಣ. ಇಲ್ಲಿ ಲೆಕ್ಕ ಸರಳ. ಅರೇಬಿಕಾ ಬೀಜದಲ್ಲಿ ಕೆಫೀನ್ ನೂರಕ್ಕೆ ಸುಮಾರು 1.2, ರೋಬಸ್ಟಾದಲ್ಲಿ 2.2ರ ಹತ್ತಿರ. 15 ಗ್ರಾಂ ಅರೇಬಿಕಾ ಅಂದರೆ 180 ಮಿಲಿಗ್ರಾಂ. ಅದರಲ್ಲಿ ಬಹುಪಾಲು ನೀರಿಗಿಳಿಯುತ್ತದೆ. ಮನೆಯಲ್ಲಿ ಒಂದು ಲೋಟಕ್ಕೆ ಏಳೆಂಟು ಗ್ರಾಂ ಪುಡಿ ಬೀಳುತ್ತದೆ, ಅದರಲ್ಲೂ ಒಂದು ಪಾಲು ಚಿಕೋರಿ. ನೀವು ಆ ಸಂಜೆ ಕುಡಿದದ್ದು ಹೆಚ್ಚುಕಮ್ಮಿ ಎರಡು ಲೋಟ ಕಾಫಿಗೆ ಸಮ. ಕುಡಿದ ಕೆಫೀನ್‌ನಲ್ಲಿ ಅರ್ಧ ಕಡಿಮೆಯಾಗುವುದಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದಿದ್ದರೆ ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತದೆ. ನಿದ್ದೆ ಕೆಟ್ಟದ್ದು ಕಾಫಿಯ ದೋಷದಿಂದಲ್ಲ, ಕುಡಿದ ಹೊತ್ತು ಸರಿ ಇರಲಿಲ್ಲ. ಕಪ್ಪಗಿದ್ದರೆ ಸ್ಟ್ರಾಂಗ್ ಅನ್ನುವುದು ನಮ್ಮಲ್ಲಿ ರೂಢಿ. ನೋಡುವುದಕ್ಕೆ ಚಹಾದಂತೆ ತಿಳಿಯಾಗಿರುವ ಆ ಕಾಫಿಯಲ್ಲೇ ಕೆಫೀನ್ ಜಾಸ್ತಿ ಇರಬಹುದು.

ಹೊಟ್ಟೆ ಹುಣ್ಣಿನ ಮಾತು ಹಳೆಯದು. ಹುಣ್ಣಿಗೆ ಮುಖ್ಯ ಕಾರಣ ಒಂದು ಬಗೆಯ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳ ಅತಿ ಬಳಕೆ. ಕಾಫಿಯಿಂದ ಹುಣ್ಣು ಹುಟ್ಟುವುದಿಲ್ಲ. ಆದರೆ ಕಾಫಿ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುತ್ತದೆ. ಹಾಗಾಗಿ ಎದೆಯುರಿ, ಹುಳಿತೇಗು ಇರುವವರಿಗೆ, ಮೊದಲೇ ಹುಣ್ಣಿರುವವರಿಗೆ ತೊಂದರೆ ಕೊಡಬಹುದು. ಹಾಲು ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡಿ.

ಬಿಪಿ ಬಗ್ಗೆ ಮಾತ್ರ ನನ್ನ ಮಾತಿನ ಮೇಲೆ ನಿಲ್ಲಬೇಡಿ. ನಾನು ಡಾಕ್ಟರಲ್ಲ. ಕೆಫೀನ್ ಸ್ವಲ್ಪ ಹೊತ್ತು ಬಿಪಿ ಏರಿಸುತ್ತದೆ ಅನ್ನುವುದು ನಿಜ, ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಕಾಫಿಗೆ ಮುಂಚೆ ಒಮ್ಮೆ, ಕುಡಿದು ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಇನ್ನೊಮ್ಮೆ ನೋಡಿ ಬರೆದಿಡಿ. ಐದರಿಂದ ಹತ್ತು ಪಾಯಿಂಟ್‌ನಷ್ಟು ಏರಿದ್ದರೆ ನಿಮ್ಮ ದೇಹಕ್ಕೆ ಕೆಫೀನ್ ಬೇಗ ತಾಗುತ್ತದೆ ಅಂತ ಅರ್ಥ. ಆ ಚೀಟಿ ನಿಮ್ಮ ಡಾಕ್ಟರಿಗೆ ತೋರಿಸಿ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಸರಿ ಅನ್ನುತ್ತಾರೆ. ಮಾತ್ರೆ ತಗೊಳ್ಳುವ ನಿಮಗೆ ಎಷ್ಟು ಅನ್ನುವುದು ಅವರೇ ಹೇಳಲಿ.

ಸರಿ, ಮುಂದಿನ ಸಲ ಏನು ಮಾಡುವುದು? ಬೆಳಿಗ್ಗೆ ತಿಂಡಿ ಆದ ಮೇಲೆ ಹೋಗಿ. ಇಂಥ ಅಂಗಡಿಗಳು ಬೆಳಿಗ್ಗೆ ಖಾಲಿ ಇರುತ್ತವೆ, ಮಾತಾಡುವುದಕ್ಕೂ ಪುರುಸೊತ್ತು ಸಿಗುತ್ತದೆ. ಬೀಜ ಯಾವಾಗ ಹುರಿದದ್ದು ಅಂತ ಕೇಳಿ. ಹುರಿದು ಒಂದು ವಾರದಿಂದ ಒಂದು ತಿಂಗಳ ಒಳಗಿನದ್ದಾದರೆ ಚೆನ್ನ. ಮೀಡಿಯಂ ಹುರಿದ ವಾಶ್ಡ್ ಕಾಫಿ ಇದೆಯಾ ಕೇಳಿ. ವಾಶ್ಡ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು. ನಮ್ಮ ಮಲೆನಾಡಿನವರು ಪಾರ್ಚ್‌ಮೆಂಟ್ ಅನ್ನುತ್ತಾರಲ್ಲ, ಅದೇ. ಬೋರ್ಡಿನ ಮೇಲೆ ನ್ಯಾಚುರಲ್ ಅಂತ ಬರೆದಿರುವುದು ಹಣ್ಣನ್ನ ಹಾಗೇ ಒಣಗಿಸಿದ್ದು, ಅಂದರೆ ಹಳೆಯ ಚೆರ್ರಿ ಪದ್ಧತಿಯನ್ನೇ ತುಂಬ ಜೋಪಾನವಾಗಿ ಮಾಡಿದ್ದು. ಅದರಲ್ಲಿ ಹಲಸಿನ ಹಣ್ಣಿನ ಥರದ ಘಾಟು ಇರಬಹುದು, ಮೊದಲ ಸಲಕ್ಕೆ ಬೇಡ.

ಹಾಲಿಲ್ಲದೆ ಆಗಲ್ಲ ಅನ್ನಿಸಿದರೆ ಕ್ಯಾಪುಚಿನೊ ತಗೊಳ್ಳಿ. ನಾಚಿಕೆ ಪಡಬೇಕಾದ್ದೇನೂ ಇಲ್ಲ. ಇಂಥ ಅಂಗಡಿಗಳು ನಡೆಯುವುದೇ ಹಾಲು ಹಾಕಿದ ಕಾಫಿಯಿಂದ.

ಅವರ ಬೀಜ ಮನೆಗೆ ತಂದು ನಮ್ಮ ಫಿಲ್ಟರ್‌ನಲ್ಲೇ ಮಾಡಬಹುದಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಮಾಡಬಹುದು, ಆದರೆ ಎರಡು ಎಚ್ಚರ. ಕಡಿಮೆ ಹುರಿದ ಬೀಜ ಬೇಡ. ಅದರ ಡಿಕಾಕ್ಷನ್ ಹಾಲಿಗೆ ಸೇರಿದರೆ ರುಚಿ ತೆಳ್ಳಗೆ, ಹುಳಿಹುಳಿ. ಹಾಲು ಸ್ವಲ್ಪ ಹಳೆಯದಾಗಿದ್ದರೆ ಒಡೆದರೂ ಒಡೆಯಿತು. ಇನ್ನೊಂದು, ಚಿಕೋರಿ ಇಲ್ಲದ ಪುಡಿಯಲ್ಲಿ ನೀರು ಬೇಗ ಇಳಿಯುತ್ತದೆ. ಫಿಲ್ಟರ್‌ಗೆ ಅಂತ ಹೇಳಿ ನುಣ್ಣಗೆ ಪುಡಿ ಮಾಡಿಸಿ. ಎರಡು ಲೋಟಕ್ಕೆ 20 ಗ್ರಾಂ ಹಾಕಿ, ಮೇಲಿನ ಒತ್ತುವ ಬಿಲ್ಲೆಯಿಂದ ಹಗುರವಾಗಿ ಒತ್ತಿ. ಕುದಿದು ಇಳಿಸಿದ ನೀರು ಮೊದಲು ಪುಡಿ ನೆನೆಯುವಷ್ಟೇ ಹಾಕಿ ಅರ್ಧ ನಿಮಿಷ ಬಿಡಿ. ಹೊಸ ಪುಡಿಯಾದರೆ ಉಸಿರಾಡಿದ ಹಾಗೆ ಉಬ್ಬುತ್ತದೆ. ಆಮೇಲೆ ಉಳಿದ 100 ಮಿಲಿ ನೀರು. ಇಳಿಯುವುದಕ್ಕೆ ಕಾಲು ಗಂಟೆಯಾದರೆ ಸರಿಯಾಗಿದೆ ಅಂತ ಲೆಕ್ಕ. ತೀರಾ ತೆಳುವಾದರೆ ನೂರಕ್ಕೆ ಹತ್ತರಷ್ಟು ಚಿಕೋರಿ ನೀವೇ ಸೇರಿಸಿಕೊಳ್ಳಿ. ನಾನೂ ಮನೆಯಲ್ಲಿ ಸೇರಿಸುತ್ತೇನೆ.

ಆ ಮಕ್ಕಳಿಗೆ ಹೇಳಬೇಕೋ ಬೇಡವೋ ಅಂತ ಯೋಚಿಸಬೇಡಿ, ಹೇಳಿ. ಚೆನ್ನಾಗಿಲ್ಲ ಅಂತ ಸುಮ್ನೆ ಅಂದರೆ ಅವರಿಗೆ ಬೇಜಾರಾಗುತ್ತದೆ, ಉಪಯೋಗವೂ ಇಲ್ಲ. ಬಿಸಿಯಿದ್ದಾಗ ಹೇಗಿತ್ತು, ಆರಿದ ಮೇಲೆ ಹೇಗಾಯಿತು, ನಾಲಿಗೆಯಲ್ಲಿ ಎಲ್ಲಿ ಹಿಡಿಯಿತು ಅಂತ ಹೇಳಿ. ಹೊಸ ಅಂಗಡಿಯವರಿಗೆ ಇಷ್ಟು ಬಿಡಿಸಿ ಹೇಳುವ ಗಿರಾಕಿ ಸಿಗುವುದೇ ಕಷ್ಟ. ಅವರು ಇನ್ನೊಂದು ಕಪ್ ಮಾಡಿಕೊಟ್ಟು "ಈಗ ನೋಡಿ ಸರ್" ಅಂದರೆ, ಅಂಗಡಿ ಒಳ್ಳೆಯವರ ಕೈಯಲ್ಲಿದೆ ಅಂತ ತಿಳಿಯಿರಿ.

ಇನ್ನು ನಿಮ್ಮ ಮನೆಯವರು. ಅವರನ್ನೂ ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ, ಬೈ-ಟೂ ಕೇಳಿ. ನೀವು ಕುಡಿದ ಕಾಫಿಯನ್ನ ಗಾಜಿನ ಜಗ್ಗಿನಲ್ಲೇ ಇಳಿಸುತ್ತಾರೆ, ಎರಡು ಕಪ್‌ಗೆ ಹಂಚಿಕೊಡುವುದು ಕಷ್ಟವೇ ಅಲ್ಲ. ಒಬ್ಬೊಬ್ಬರಿಗೆ 70 ರೂಪಾಯಿ, ಅರ್ಧ ಕೆಫೀನ್. ಎರಡು ಕಪ್ ಬೇಕು ಅಂತ ಮೊದಲೇ ಹೇಳಿಬಿಡಿ, ಕಪ್‌ಗಳನ್ನ ಬಿಸಿನೀರಲ್ಲಿ ತೊಳೆದು ಇಟ್ಟಿರುತ್ತಾರೆ.